ಆರ್ಕೋನಿಯಾದ ಬಾಗಿಲಲ್ಲಿ

ನ್ಯೂಯಾರ್ಕಿನ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಆರ್ಕೋನಿಯಾ ಎಂಬ ಕಟ್ಟಡ ಸಿಗುವುದಿಲ್ಲ. ಆದರೆ ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ಸೀರೀಸ್ ನೋಡುವವರಿಗೆ ಅದರ ಕಮಾನು, ಒಳಅಂಗಳ, ಕಾರಂಜಿ ಎಲ್ಲವೂ ಪಕ್ಕದ ಬೀದಿಯಷ್ಟೇ ಪರಿಚಿತ. ಹೊರಗಿನ ದೃಶ್ಯಗಳಲ್ಲಿ ಕಾಣುವ ಕಟ್ಟಡದ ನಿಜವಾದ ಹೆಸರು ಬೆಲ್ನಾರ್ಡ್. ಮನೆಗಳ ಒಳಭಾಗವೆಲ್ಲ ಸ್ಟುಡಿಯೋದ ಸೆಟ್.

ಐದನೇ ಸೀಸನ್ 2025ರ ಸೆಪ್ಟೆಂಬರ್ 9ರಂದು ಶುರುವಾಯಿತು. ಕಚೇರಿ ಕೆಲಸಕ್ಕೆಂದು ಪುಣೆಯಿಂದ ನ್ಯೂಜೆರ್ಸಿಗೆ ಹೋಗಿದ್ದ ನಾನು ಅಂದು ರಾತ್ರಿ ಹೋಟೆಲಿನಲ್ಲಿ ಕುಳಿತು ಮೊದಲ ಮೂರು ಕಂತುಗಳನ್ನೂ ನೋಡಿ ಮುಗಿಸಿದೆ. ಶನಿವಾರ ರಜೆ. ಹಡ್ಸನ್ ನದಿ ದಾಟಿ ಮ್ಯಾನ್‌ಹ್ಯಾಟನ್‌ಗೆ ಹೊರಟೆ.

1 ನಂಬರಿನ ಸಬ್‌ವೇ ರೈಲು ಹತ್ತಿದರೆ 86ನೇ ಬೀದಿಯಲ್ಲೇ ಇಳಿಯಬಹುದು. ಆದರೆ 72ನೇ ಬೀದಿಯಲ್ಲಿ ಇಳಿದು ಬ್ರಾಡ್‌ವೇ ರಸ್ತೆಯಲ್ಲಿ ಉತ್ತರಕ್ಕೆ ನಡೆಯುವುದು ಚೆಂದ. 73ನೇ ಬೀದಿಯಲ್ಲಿ ಗುಂಡು ಮೂಲೆಗಳ ಆನ್ಸೋನಿಯಾ, 79ರ ಹತ್ತಿರ ಬೆಲ್ನಾರ್ಡಿನ ಹಾಗೇ ನಡುವೆ ಅಂಗಳವಿರುವ ಆಪ್‌ಥಾರ್ಪ್, ಮುಂದಿನ ಬೀದಿಯಲ್ಲಿ ಕಾಫಿಯ ಘಮ ಬೀರುವ ಝೇಬಾರ್ಸ್ ಅಂಗಡಿ. ಈ ಸಾಲಿನ ದೊಡ್ಡ ಕಟ್ಟಡಗಳೆಲ್ಲ ನೂರು ವರ್ಷ ದಾಟಿದವು. ಸ್ವಂತ ಬಂಗಲೆಯೇ ಘನತೆ ಎಂದುಕೊಂಡಿದ್ದ ಶ್ರೀಮಂತರನ್ನು ‘ಫ್ಲ್ಯಾಟ್ ಕೂಡ ಮರ್ಯಾದಸ್ಥರ ಮನೆಯೇ’ ಎಂದು ಒಪ್ಪಿಸಲು ಕಟ್ಟಿದವು. ನಮ್ಮ ಇಂದಿನ ಬಿಲ್ಡರ್‌ಗಳ ಹೋರ್ಡಿಂಗ್‌ಗಳಿಗೆ ಇವೇ ಮುತ್ತಜ್ಜಂದಿರು.

ಬೆಲ್ನಾರ್ಡ್ 1909ರಲ್ಲಿ ಪೂರ್ಣಗೊಂಡಿತು. ಹದಿಮೂರು ಮಹಡಿ. 86 ಮತ್ತು 87ನೇ ಬೀದಿಗಳ ನಡುವೆ ಇಡೀ ಒಂದು ಬ್ಲಾಕನ್ನೇ ಆಕ್ರಮಿಸಿ ಕೂತಿದೆ. 1966ರಲ್ಲಿ ನಗರ ಇದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಿತು. ಪರದೆಯ ಮೇಲೆ ಕಾಣದ ಕಥೆಯೂ ಇದಕ್ಕಿದೆ. ಎಪ್ಪತ್ತರ ದಶಕದ ಕೊನೆಗೆ ಛಾವಣಿ ಸೋರುತ್ತಿತ್ತು, ದುರಸ್ತಿ ಮಾಡುವವರಿರಲಿಲ್ಲ. ಬಾಡಿಗೆದಾರರು ಒಟ್ಟಾಗಿ, ಬಾಡಿಗೆ ಕೊಡುವುದಿಲ್ಲ ಎಂದು ಮುಷ್ಕರ ಹೂಡಿದರು. ಒಡೆತನ ಕೈಬದಲಾದದ್ದು 1994ರಲ್ಲಿ. ಅಲ್ಲಿಯವರೆಗೂ ಜಗಳ ನಡೆಯಿತು. ಲಿಫ್ಟಿನಲ್ಲಿ ಮುಖ ತಿರುಗಿಸಿ ನಿಲ್ಲುತ್ತಿದ್ದವರು ವರ್ಷಾನುಗಟ್ಟಲೆ ಒಟ್ಟಿಗೆ ಸಭೆ ನಡೆಸಿದರು.

ಅಂಥ ಮನೆಗಳಲ್ಲೊಂದರಲ್ಲಿ ಐಸಾಕ್ ಬಾಶೆವಿಸ್ ಸಿಂಗರ್ ವಾಸವಾಗಿದ್ದರು. 1935ರಲ್ಲಿ ಪೋಲೆಂಡ್ ಬಿಟ್ಟು ಬಂದ ಸಿಂಗರ್, ಅಮೆರಿಕದಲ್ಲಿ ಅಷ್ಟು ವರ್ಷ ಬಾಳಿದರೂ ಬರೆದದ್ದು ಮನೆಮಾತು ಯಿಡ್ಡಿಶ್‌ನಲ್ಲಿ, ವಲಸಿಗರು ನಡೆಸುತ್ತಿದ್ದ ಪತ್ರಿಕೆಗೆ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಬೆಲ್ನಾರ್ಡಿನ ಮುಂದಿನ ಬೀದಿಗೆ ಅವರ ಹೆಸರಿದೆ. ಪರಊರಿನಲ್ಲಿ ಕೂತು ಕನ್ನಡದಲ್ಲಿ ಬರೆದುಕೊಳ್ಳುವ ನಮ್ಮಂಥವರು ಆ ಹಸಿರು ಫಲಕದ ಕೆಳಗೆ ಒಂದು ಗಳಿಗೆ ನಿಲ್ಲಲೇಬೇಕು.

ಇನ್ನು ಸೀರೀಸ್. ಚಾರ್ಲ್ಸ್ ಹಳೆಯ ಟೀವಿ ಪತ್ತೇದಾರನ ಪಾತ್ರಧಾರಿ, ಆಲಿವರ್ ಸೋತ ನಾಟಕ ನಿರ್ದೇಶಕ, ಮೇಬಲ್ ವಯಸ್ಸಿನಲ್ಲಿ ಇವರ ಮೊಮ್ಮಗಳಂಥವಳು. ಸ್ಟೀವ್ ಮಾರ್ಟಿನ್, ಮಾರ್ಟಿನ್ ಶಾರ್ಟ್ ಮತ್ತು ಸೆಲೆನಾ ಗೋಮೆಜ್ ಈ ಪಾತ್ರಗಳಲ್ಲಿದ್ದಾರೆ. ಒಂದೇ ಕಟ್ಟಡದಲ್ಲಿದ್ದೂ ಪರಸ್ಪರ ಅಪರಿಚಿತರಾಗಿದ್ದ ಮೂವರನ್ನು 2021ರ ಮೊದಲ ಸೀಸನ್ನಿನಲ್ಲಿ ಒಬ್ಬ ನೆರೆಯವನ ಸಾವು ಹತ್ತಿರ ತಂದಿತು. ಅಂದಿನಿಂದ ಕೊಲೆ ನಡೆದಾಗಲೆಲ್ಲ ಪಾಡ್‌ಕಾಸ್ಟ್. ಹಾಸ್ಯದ ಮರೆಯಲ್ಲಿ ಸೀರೀಸ್ ಹೇಳುತ್ತಾ ಬಂದಿರುವುದು ಒಂಟಿತನದ ಕಥೆಯನ್ನೇ.

ಈ ಸಲ ಸತ್ತವನು ಮನೆಯ ಮಾಲೀಕನಲ್ಲ, ಬಾಗಿಲು ಕಾಯುವ ಲೆಸ್ಟರ್. ಅಂಗಳದ ಕಾರಂಜಿಯಲ್ಲಿ ಅವನ ಹೆಣ ಸಿಕ್ಕಿದೆ. ಪೊಲೀಸರಿಗೆ ಅದು ಅಪಘಾತ, ಮೂವರಿಗೆ ಅನುಮಾನ. ಕೊಲೆಗಾರ ಯಾರೆಂದು ಇಲ್ಲಿ ಹೇಳುವುದಿಲ್ಲ, ಹೆದರಬೇಡಿ. ನಾಲ್ಕು ಸೀಸನ್‌ಗಳಲ್ಲಿ ಬಾಗಿಲು ತೆರೆದು ನಮಸ್ಕರಿಸಿ ಮರೆಯಾಗುತ್ತಿದ್ದವನಿಗೆ ಎರಡನೇ ಕಂತಿನಲ್ಲಿ ಯೌವನ ಸಿಗುತ್ತದೆ, ಕೆಲಸಕ್ಕೆ ಸೇರಿದ ದಿನ ಸಿಗುತ್ತದೆ. ಇಡೀ ಕಟ್ಟಡದ ಗುಟ್ಟು ಬಲ್ಲವನ ಗುಟ್ಟನ್ನು ಯಾರೂ ಕೇಳಿರಲಿಲ್ಲ ಎಂಬುದು ಮೆಲ್ಲಗೆ ತಟ್ಟುತ್ತದೆ.

ಹೀಗಾಗಿ ಆ ಶನಿವಾರ ನಾನು ಕಮಾನಿಗಿಂತ ಹೆಚ್ಚು ನೋಡಿದ್ದು ಅದರ ಕೆಳಗೆ ನಿಂತಿದ್ದ ಮನುಷ್ಯನನ್ನು. ಪ್ರವಾಸಿಗಳಿಗೆ ಒಳಗೆ ಪ್ರವೇಶವಿಲ್ಲ. ಇಣುಕಿ ಫೋಟೋ ತೆಗೆಯುವವರನ್ನು ಆತ ಗದರಿಸದೆ, ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿಸುತ್ತಿದ್ದ. ನಡುನಡುವೆ ಒಳಗಿನವರ ನಾಯಿಯನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ. ನ್ಯೂಯಾರ್ಕಿನಲ್ಲಿ ಈ ಕೆಲಸಗಾರರಿಗೆ ಗಟ್ಟಿ ಯೂನಿಯನ್ ಇದೆ. 1991ರಲ್ಲಿ ಅವರು ಹನ್ನೆರಡು ದಿನ ಮುಷ್ಕರ ಮಾಡಿದಾಗ, ಅಪಾರ್ಟ್‌ಮೆಂಟಿನವರು ತಾವೇ ಸರದಿಯ ಮೇಲೆ ಬಾಗಿಲು ಕಾಯಬೇಕಾಯಿತು.

ಪುಣೆಯ ನಮ್ಮ ಸೊಸೈಟಿಯ ಗೇಟಿನಲ್ಲಿ ಇರುವವರು ಏಜೆನ್ಸಿಯ ಕಾಂಟ್ರಾಕ್ಟಿನವರು. ಹನ್ನೆರಡು ಗಂಟೆಯ ಪಾಳಿ. ಅವರಲ್ಲೊಬ್ಬರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು, ನಾನು ಕಾಕಾ ಎನ್ನುತ್ತೇನೆ. ಇಡೀ ಗೇಟಿನಲ್ಲಿ ಕನ್ನಡ ಮಾತಾಡುವುದು ನಾವಿಬ್ಬರೇ. ಊರಿಂದ ಮರಳಿ ಬಂದಾಗ ಒಂದು ಗಂಟು ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೈಗಿಡುತ್ತಾರೆ. ಈಗ ಗೇಟಿಗೆ ಆ್ಯಪ್ ಬಂದಿದೆ. ಬರುವವರ ಫೋಟೋ, ಓಟಿಪಿ, ಒಪ್ಪಿಗೆ ಎಲ್ಲ ಮೊಬೈಲಿನಲ್ಲೇ. ರಾತ್ರಿ ಪಾಳಿಯಲ್ಲಿ ಇಬ್ಬರ ಬದಲು ಒಬ್ಬರು ಸಾಕು ಎಂಬ ಮಾತು ಮೊನ್ನೆಯ ಸೊಸೈಟಿ ಮೀಟಿಂಗಿನಲ್ಲಿ ಬಂತು. ಕಾಕಾಗೆ ಸುದ್ದಿ ನನಗಿಂತ ಮೊದಲೇ ಗೊತ್ತಿತ್ತು. “ಸರ, ಓಟಿಪಿ ಬಂದ್ರ ಗೇಟ್ ತೆಗೀತದ. ನಡುರಾತ್ರ್ಯಾಗ ಸಿ ವಿಂಗಿನ ಅಜ್ಜಾರಿಗೆ ಎದಿ ನೋವು ಬಂತಂದ್ರ ರಿಕ್ಷಾ ಯಾರು ತರ್ತಾರ್ರಿ?” ಎಂದರು. ಕಳೆದ ಮಳೆಗಾಲದಲ್ಲಿ ರಿಕ್ಷಾ ತಂದವರು ಅವರೇ. ಮುಂದಿನ ಮೀಟಿಂಗಿನಲ್ಲಿ ಇದನ್ನು ಹೇಳಲು ನಾವು ನಾಲ್ಕು ಮನೆಯವರು ಸಹಿ ಹಾಕಿದ ಪತ್ರ ಸಿದ್ಧವಾಗಿದೆ.

ಆರ್ಕೋನಿಯಾದಲ್ಲೂ ಲೆಸ್ಟರ್‌ನ ಜಾಗಕ್ಕೆ ಈ ಸೀಸನ್ನಿನಲ್ಲಿ ಒಂದು ರೋಬೋ ಬರುತ್ತದೆ, ಹೆಸರೂ ಅವನದೇ. ನೋಡುವಾಗ ನಗು ಬರುತ್ತದೆ. ವಿಷ್ಣುವಿನ ಗುಡಿಯ ಬಾಗಿಲಲ್ಲಿ ನಿಂತ ಜಯ ವಿಜಯರ ಹೆಸರು ನಮಗೆ ಬಾಯಿಪಾಠ. ನಮ್ಮ ಬಾಗಿಲಿನವರ ಹೆಸರು ಆ್ಯಪಿನಲ್ಲಿ ‘ಸೆಕ್ಯೂರಿಟಿ 2’.

ನ್ಯೂಯಾರ್ಕಿಗೆ ಹೋದರೆ ಬೆಲ್ನಾರ್ಡಿಗೆ ಸಂಜೆ ನಾಲ್ಕರ ಮೇಲೆ ಹೋಗಿ, ಬ್ರಾಡ್‌ವೇ ಕಡೆಯ ಗೋಡೆಗೆ ಬಿಸಿಲು ಬಿದ್ದಿರುತ್ತದೆ. ಹೋಗುವ ಮುನ್ನ ಆ ಎರಡನೇ ಕಂತು ನೋಡಿರಿ. ಕಮಾನಿನ ಕೆಳಗೆ ನಿಂತವರಿಗೆ ಮೊದಲು ಒಂದು ನಮಸ್ಕಾರ ಹೇಳಿ. ಫೋಟೋ ಆಮೇಲೆ.