ಮುತ್ಯಾನ ಮಾತು ನುಂಗಿದ ಫ್ಯಾನು

ನಾನು ಬೆಂಗಳೂರಲ್ಲಿ ಕೋಡ್ ಬರೆಯೋ ಮನುಷ್ಯ. ಊರು ಹುಮನಾಬಾದ್. 2021ರ ದೀಪಾವಳಿಗೆ ಊರಿಗೆ ಹೋದಾಗ ಹೆಗಲಲ್ಲಿ ಹೊಸ ಕ್ಯಾಮೆರಾ ಇತ್ತು, ತಲೆಯಲ್ಲಿ ಒಂದೇ ಪ್ಲಾನ್ ಇತ್ತು: ಮುತ್ಯಾನ ಸಂದರ್ಶನ ಮಾಡಬೇಕು.

ಮುತ್ಯಾನಿಗೆ ಆಗ 85. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಕಡೆ ಬರಲಿಲ್ಲ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ನಡುವಿನ ಹದಿಮೂರು ತಿಂಗಳು ರಜಾಕಾರರ ಹಾವಳಿ. ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಕೇಳಿ ಎಷ್ಟೋ ಮನೆಗಳವರು ರಾತ್ರೋರಾತ್ರಿ ಸೋಲಾಪುರದ ಕಡೆ ಹೊರಟರು. ನಮ್ಮ ಮನೆಯವರೂ ಹೊರಟರು. ಮುತ್ಯಾ ಆಗ ಹನ್ನೆರಡು ವರ್ಷದ ಹುಡುಗ.

ಪಡಸಾಲೆಯಲ್ಲಿ ಮುತ್ಯಾನನ್ನ ಕೂಡಿಸಿ, ಹತ್ತು ಅಡಿ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಫ್ರೇಮ್ ಚೆಂದ, ಬೆಳಕು ಚೆಂದ. ಮೇಲೆ ಫ್ಯಾನ್ ತಿರುಗ್ತಿತ್ತು, ಹೆದ್ದಾರಿ ಕಡೆಯ ಕಿಟಕಿ ತೆರೆದಿತ್ತು. ಕ್ಯಾಮೆರಾದೊಳಗೆ ಮೈಕ್ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡೆ. ಮುತ್ಯಾ ಒಂದೂವರೆ ಗಂಟೆ ಮಾತಾಡಿದ. ನಾನು ಹೆಡ್‌ಫೋನ್ ಕೂಡ ಹಾಕಿರಲಿಲ್ಲ.

ಎಡಿಟ್ ಮಾಡೋಕೆ ಟೈಮ್ ಸಿಗಲಿಲ್ಲ. ರಿಲೀಸು, ಡೆಡ್‌ಲೈನು, ಇದ್ದದ್ದೇ. ಫೆಬ್ರವರಿಯಲ್ಲಿ ಮುತ್ಯಾ ಹೋದ. ದಿನಕರ್ಮ ಮುಗಿಸಿ ಬೆಂಗಳೂರಿಗೆ ಬಂದ ರಾತ್ರಿ ಆ ಫೈಲ್ ತೆಗೆದೆ. ಮೊದಲು ಕೇಳಿಸಿದ್ದು ಫ್ಯಾನು. ಅದರ ಕೆಳಗೆ ಎಲ್ಲೋ ಮುತ್ಯಾ. ಅವನು ಮಾತು ನಿಲ್ಲಿಸಿದಾಗೆಲ್ಲ ಫ್ಯಾನಿನ ಸದ್ದು ಇನ್ನೂ ಮೇಲೇಳ್ತಿತ್ತು. ಕ್ಯಾಮೆರಾ ತಾನೇ ದನಿ ಏರಿಸಿ ಇಳಿಸೋ ಆಟೋ ಸೆಟ್ಟಿಂಗ್‌ನ ಪ್ರತಾಪ ಅದು. ತಮ್ಮನ್ನೆಲ್ಲ ಎತ್ತಿನ ಗಾಡಿಯಲ್ಲಿ ದಾಟಿಸಿದವನ ಹೆಸರು ಹೇಳೋ ಹೊತ್ತಿಗೆ ಸರಿಯಾಗಿ ಲಾರಿಯೊಂದು ಹಾರ್ನ್ ಹೊಡೆದಿದೆ. "…ಸಾಬ್" ಅನ್ನೋದಷ್ಟೇ ಉಳಿದಿದೆ. ನಾಯ್ಸ್ ತೆಗೆಯೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಫ್ಯಾನ್ ಹೋಯ್ತು, ಜೊತೆಗೆ ಮುತ್ಯಾನ ದನಿಯೂ ಕೊಡದೊಳಗಿಂದ ಬಂದಂಗಾಯ್ತು. ಹೆಸರು ಸಿಗಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

ಆಮೇಲೆ ಮೈಕ್ ಹುಚ್ಚು ಹಿಡಿಯಿತು. ಮೊದಲು ತಗೊಂಡಿದ್ದು ಕ್ಯಾಮೆರಾ ಮೇಲೆ ಕೂರಿಸೋ ಉದ್ದನೆಯ ಶಾಟ್‌ಗನ್ ಮೈಕ್. ಅದು ಲೆನ್ಸ್ ಥರ ದೂರದ ದನಿಯನ್ನ ಜೂಮ್ ಮಾಡುತ್ತೆ ಅಂತ ನಂಬಿದ್ದೆ. ಮಾಡಲ್ಲ. ಅದು ಅಕ್ಕಪಕ್ಕದ ಸದ್ದನ್ನ ಸ್ವಲ್ಪ ಕಡಿಮೆ ಮಾಡುತ್ತೆ, ಅಷ್ಟೇ. ನಮ್ಮ ಕಡೆ ಮನೆಗಳಲ್ಲಿ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ. ದನಿ ಎಲ್ಲ ಕಡೆಯಿಂದ ಬಡಿದು ವಾಪಸ್ ಬರುತ್ತೆ. ಅಂಥ ಕೋಣೆಯಲ್ಲಿ ಹತ್ತು ಅಡಿಯಿಂದ ಹಿಡಿದರೆ ಎಷ್ಟು ದುಡ್ಡಿನ ಮೈಕ್ ಆದ್ರೂ ದನಿ ಟೊಳ್ಳು.

ಆಮೇಲೆ ಗೊತ್ತಾದ ಲೆಕ್ಕ ಸುಲಭದ್ದು. ಬಾಯಿಗೂ ಮೈಕಿಗೂ ಇರೋ ದೂರ ಅರ್ಧ ಆದಾಗೆಲ್ಲ ಮಾತಿನ ಮಟ್ಟ 6 ಡೆಸಿಬಲ್ ಏರುತ್ತೆ. ಕೋಣೆ ತುಂಬ ಹರಡಿದ ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತೆ. ಹತ್ತು ಅಡಿಯಿಂದ ಒಂದೂಕಾಲು ಅಡಿಗೆ ತಂದ್ರೆ ಮೂರು ಸಲ ಅರ್ಧ ಆದಂಗಾಯ್ತು, ಅಂದ್ರೆ 18 ಡೆಸಿಬಲ್ ಲಾಭ. ಇಂಜಿನಿಯರಿಂಗ್ ಓದಿದವನಿಗೆ ಇದು ಮೊದಲೇ ಹೊಳೀಬೇಕಿತ್ತು.

ಹಾಗಾದ್ರೆ ಕಾಲರ್ ಮೈಕ್? ಬೋಯಾ ಬಿವೈ-ಎಂ1 ತಗೊಂಡೆ. ಸಾವಿರ ರೂಪಾಯಿ ಒಳಗೇ ಸಿಕ್ತು, ವೈರು ಆರು ಮೀಟರ್ ಉದ್ದ, ಫೋನಿಗೂ ಕ್ಯಾಮೆರಾಗೂ ಆಗುತ್ತೆ. ಅಪ್ಪನ ಅಂಗಿಗೆ ಸಿಕ್ಕಿಸಿದಾಗ ದನಿ ಸೊಗಸು. ಅವ್ವನ ಸೀರೆಗೆ ಸಿಕ್ಕಿಸಿದಾಗ ಸೆರಗು ಉಜ್ಜೋ ಸದ್ದು, ತಾಳಿ ತಾಗೋ ಸದ್ದು. "ಇದನ್ನ ತಗಿಯೋ, ಮಾತಾಡ್ಲಿಕ್ಕೇ ಬರವಲ್ದು" ಅಂದಳು.

ಕೊನೆಗೆ ನಿಂತದ್ದು ಹೀಗೆ: ಕ್ಯಾಮೆರಾ ಮೇಲೆ ಕೂರಿಸೋ ಚಿಕ್ಕ ಮೈಕನ್ನೇ ಕ್ಯಾಮೆರಾದಿಂದ ಇಳಿಸಿದೆ. ಮೂರು ಮೀಟರ್ ಎಕ್ಸ್‌ಟೆನ್ಶನ್ ವೈರ್ ಹಾಕಿ, ಬೇರೆ ಸ್ಟ್ಯಾಂಡಿಗೆ ಕಟ್ಟಿ, ಫ್ರೇಮಿಗೆ ಕಾಣದಷ್ಟು ಮೇಲಿನಿಂದ ಎದೆಯ ಕಡೆ ತಿರುಗಿಸಿದೆ. ವೈರ್ ತಗೊಳ್ಳುವಾಗ ಪಿನ್ ನೋಡಿ: ಕಪ್ಪು ಪಟ್ಟಿ ಎರಡಿದ್ರೆ ಕ್ಯಾಮೆರಾದ್ದು, ಮೂರಿದ್ರೆ ಫೋನಿನದ್ದು. ಆಟೋ ಆಫ್ ಮಾಡಿ, ಜೋರು ಮಾತು ಮೈನಸ್ 12ರ ಸುತ್ತಮುತ್ತ ಬರೋ ಹಾಗೆ ಇಟ್ಟುಕೊಳ್ಳಿ. ಹೆಡ್‌ಫೋನ್ ಮಾತ್ರ ಬಿಡಲೇಬೇಡಿ.

2023ರ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ಊರಿಗೆ ಹೋದವನು ಬಸ್ ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಮುತ್ಯಾನ ತಂಗಿ ಅಲ್ಲಿದ್ದಾಳೆ. ನಾವೆಲ್ಲ ಕಲ್ಯಾಣದ ಆಯಿ ಅಂತೀವಿ. 1948ರಲ್ಲಿ ಅವಳಿಗೆ ಎಂಟು ವರ್ಷ. ಕಿಟಕಿ ಮುಚ್ಚಿದೆ, ಫ್ಯಾನ್ ಆಫ್ ಮಾಡಿದೆ, ಫರಸಿ ಮೇಲೆ ಎರಡು ಕೌದಿ ಹಾಸಿದೆ, ಎದುರಿನ ಗೋಡೆಗೊಂದು ತೂಗುಹಾಕಿದೆ. ಫ್ರಿಜ್ ಬಂದ್ ಮಾಡಿ ನನ್ನ ಕೋಣೆ ಕೀಲಿ ಅದರೊಳಗಿಟ್ಟೆ, ಹೊರಡುವಾಗ ಮತ್ತೆ ಚಾಲೂ ಮಾಡೋದು ಮರೀಬಾರದಲ್ಲ. ಮೈಕಿನ ತುಪ್ಪಳದ ಟೊಪ್ಪಿ ನೋಡಿ ಆಯಿ, "ಇದೇನೋ ತಮ್ಮಾ, ಬೆಕ್ಕಿನ ಬಾಲ ಕಟ್ಟೀದಿ?" ಅಂದಳು.

ಅರ್ಧ ಗಂಟೆ ಆದ ಮೇಲೆ ಕೇಳಿದೆ. "ಆಯಿ, ಗಾಡಿ ಹೊಡ್ದಾಂವನ ಹೆಸರು ನೆನಪದ ಏನು?"

"ಹೆಸರು ನಂಗೇನ್ ಗೊತ್ತಪಾ, ನಾ ಸಣ್ಣಾಕಿ. ಗಾಡಿ ಚಾಚಾ ಅಂತಿದ್ವಿ. ಎತ್ತಿನ ಕೊಳ್ಳಾಗಿನ ಗಂಟಿ ಬಿಚ್ಚಿ ತನ್ನ ರುಮಾಲದಾಗ ಸುತ್ತಿ ಇಟ್ಕೊಂಡಿದ್ದ, ಸಪ್ಪಳ ಆಗಬಾರ್ದಂತ. ನಾ ಅಳಬಾರ್ದಂತ ಹಾದಿ ತುಂಬ ಬೆಲ್ಲ ಕೊಟ್ಕೋತ ಬಂದ."

ಗಂಟೆ ಬಿಚ್ಚಿದ್ದು ಮುತ್ಯಾ ಹೇಳಿರಲಿಲ್ಲ. ಅಥವಾ ಹೇಳಿದ್ದು ಫ್ಯಾನಿಗೆ ಹೋಗಿರಬಹುದು.

"ಆಮ್ಯಾಲ ಚಾಚಾಗ ಏನಾಯ್ತು ಆಯಿ?"

ಆಯಿ ಮಾತಾಡಲಿಲ್ಲ. ಸೆಪ್ಟೆಂಬರ್ ಕಾರ್ಯಾಚರಣೆಯ ನಂತರ ನಮ್ಮ ಜಿಲ್ಲೆಯಲ್ಲಿ ಮುಸ್ಲಿಂ ಮನೆಗಳ ಮೇಲೂ ದಾಳಿಯಾಗಿ ಬಹಳ ಜನ ಸತ್ತರು ಅನ್ನೋದು ನಾನು ಓದಿ ತಿಳಿದದ್ದು, ಮನೆಯಲ್ಲಿ ಕೇಳಿದ್ದಲ್ಲ. ಹೆಡ್‌ಫೋನಿನಲ್ಲಿ ಅವಳ ಉಸಿರು ಕೇಳ್ತಿತ್ತು, ಬಳೆ ಒಂದು ಸಲ ಸರಿದದ್ದು ಕೇಳಿತು. ಆಮೇಲೆ, "ನಾವು ತಿರುಗಿ ಬಂದಾಗ ಅವರ ಮನಿ ಖಾಲಿ ಇತ್ತು" ಅಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಚಹಾ ಇಡ್ತೀನಿ, ಸಾಕು ಮಾಡು" ಅಂತ ಎದ್ದಳು.

ಆ ಮೌನ ಹನ್ನೊಂದು ಸೆಕೆಂಡು ಇದೆ. ಕಟ್ ಮಾಡಿಲ್ಲ. ಹಳೇ ಥರ ರೆಕಾರ್ಡ್ ಮಾಡಿದ್ದರೆ ಅಲ್ಲಿ ಬರೀ ಫ್ಯಾನು ಇರ್ತಿತ್ತು.

ಹೆಸರು ಇವತ್ತಿಗೂ ಸಿಕ್ಕಿಲ್ಲ. ಮುತ್ಯಾನ ಫೈಲನ್ನೂ ಆಯಿಯ ಫೈಲನ್ನೂ ಮೂರು ಕಡೆ ಕಾಪಿ ಮಾಡಿಟ್ಟಿದ್ದೀನಿ. ನಿಮ್ಮನೇಲೂ ಇಂಥ ಹಿರಿಯರಿದ್ದರೆ ದೊಡ್ಡ ಮೈಕಿಗೆ ಕಾಯಬೇಡಿ. ಕೈಲಿರೋ ಫೋನನ್ನೇ ಅವರ ಹತ್ತಿರ ಇಡಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ರೆಕಾರ್ಡ್ ಮಾಡಿದ್ದನ್ನ ಅವತ್ತೇ ರಾತ್ರಿ ಪೂರ್ತಿ ಕೇಳಿ. ಏನಾದ್ರೂ ಕೇಳಿಸದಿದ್ದರೆ ಬೆಳಗ್ಗೆ ಎದ್ದು ಇನ್ನೊಮ್ಮೆ ಕೇಳೋಕೆ ಅವರು ಅಲ್ಲೇ ಇರ್ತಾರೆ.