ಹನುಮಸಾಗರದಿಂದ ಏರ್‌ಪೋರ್ಟಿಗೆ ಎಷ್ಟು ತಾಸು?

ನಕಾಶೆ ಹರವಿಕೊಂಡು ನೋಡಿದರೆ ಹನುಮಸಾಗರ ಯಾವ ವಿಮಾನ ನಿಲ್ದಾಣಕ್ಕೂ ಹತ್ತಿರವಿಲ್ಲ. ಒಂದು ಕಡೆ ಗಜೇಂದ್ರಗಡ, ಗದಗ ದಾಟಿದರೆ ಹುಬ್ಬಳ್ಳಿಯ ಗೋಕುಲ ರಸ್ತೆ. ಇನ್ನೊಂದು ಕಡೆ ಕುಷ್ಟಗಿಗೆ ಬಂದು ಹೆದ್ದಾರಿ ಹಿಡಿದು ಹೊಸಪೇಟೆ ಮೇಲೆ ಹಾಯ್ದರೆ ತೋರಣಗಲ್ಲಿನ ವಿದ್ಯಾನಗರ. ಚಹಾಕ್ಕೆಂದು ನಿಂತರೆ ಎರಡಕ್ಕೂ ಹೆಚ್ಚುಕಡಿಮೆ ಮೂರು ತಾಸು. ಬೆಳಗಾವಿ, ಕಲಬುರಗಿಯ ಮಾತೇ ಬೇಡ.

ನಿವೃತ್ತಿಯಾದ ಮೇಲೆ ಎಲ್ಲಿ ಇರುವುದೆಂಬ ಮಾತು ಎದ್ದಿರದಿದ್ದರೆ ಈ ಲೆಕ್ಕ ನನಗೆ ಬೇಕಾಗುತ್ತಿರಲಿಲ್ಲ. ಡಲ್ಲಾಸಿನಲ್ಲಿರುವ ಮಗ ಒಂದೇ ಷರತ್ತು ಹಾಕಿದ: "ಎಲ್ಲಿ ಬೇಕಾದ್ರೂ ಇರ್ರಿ ಅಪ್ಪಾ, ಏರ್‌ಪೋರ್ಟ್ ಮಾತ್ರ ಒಂದು ತಾಸಿನೊಳಗ ಇರ್ಲಿ." ಅವನ ಗೆಳೆಯರ ತಂದೆತಾಯಿ ದೇವನಹಳ್ಳಿ ಕಡೆ ಫ್ಲ್ಯಾಟು ಹಿಡಿದಿದ್ದಾರಂತೆ. ಜಯನಗರದಲ್ಲಿರುವ ನನ್ನ ಷಡ್ಡಕರು ಇದನ್ನು ಕೇಳಿ ನಕ್ಕರು. 2008ರಲ್ಲಿ ವಿಮಾನಗಳು ಹಳೆಯ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದಾಗಿನಿಂದ, ಸಂಜೆ ಹೊತ್ತಿನಲ್ಲಿ ಅವರಿಗೇ ಅದು ಎರಡು ತಾಸಿನ ದಾರಿ. ಬೆಂಗಳೂರಿನಲ್ಲಿದ್ದವರೇ ಪಾಸಾಗದ ಪರೀಕ್ಷೆಯನ್ನು ನನ್ನ ಮಗ ಕುಷ್ಟಗಿ ತಾಲೂಕಿಗೆ ಇಟ್ಟಿದ್ದ.

ನಮ್ಮ ಜಿಲ್ಲೆಗೆ ವಿಮಾನದ ಯೋಗ ಬರಲೇ ಇಲ್ಲ ಎನ್ನುವಂತಿಲ್ಲ. ಗಿಣಿಗೇರಿ ಹತ್ತಿರ ಎಂ.ಎಸ್.ಪಿ.ಎಲ್. ಕಂಪನಿಯ ಏರ್‌ಸ್ಟ್ರಿಪ್ ಇದೆ. ಸಾಮಾನ್ಯರೂ ಹಾರಲಿ ಎಂದು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಇತ್ತು. ಹೆಸರು ಪಟ್ಟಿಯಲ್ಲೇ ಉಳಿಯಿತು. ಸಮುದ್ರ ಹಾರಿದವ ಹುಟ್ಟಿದ್ದು ಗಂಗಾವತಿ ತಾಲೂಕಿನ ಅಂಜನಾದ್ರಿಯಲ್ಲೆಂದು ನಂಬಿಕೊಂಡು ಬಂದ ಜಿಲ್ಲೆ ಇದು. ಇಲ್ಲಿಂದ ಹಾರಿದವ ಅವನೊಬ್ಬನೇ ಎಂದು ನಮ್ಮಲ್ಲಿ ನಗೆಯಾಡುತ್ತಾರೆ. ವಿದ್ಯಾನಗರದಿಂದ 2017ರಲ್ಲಿ ಹಾರಲು ಶುರುಮಾಡಿದ ಟ್ರೂಜೆಟ್ 2022ರಲ್ಲಿ ಕಂಪನಿಯೇ ನಿಂತು ಹೋಗಿ ಇಳಿದುಬಿಟ್ಟಿತು. ಮನೆ ಎಂದರೆ ಮೂವತ್ತು ವರ್ಷದ ಮಾತು, ವಿಮಾನದ ವೇಳಾಪಟ್ಟಿ ಎಂದರೆ ಒಂದು ಹಂಗಾಮಿನ ಮಾತು. ಇದನ್ನು ನೆಚ್ಚಿ ಅದನ್ನು ಕಟ್ಟಿಸುವುದು ಹೇಗೆ?

ಕೊನೆಗೆ ಕಾಗದ ಪೆನ್ನು ಹಿಡಿದು ಕೂತೆ. ಬ್ಯಾಂಕಿನಲ್ಲಿ ಜೀವ ಸವೆಸಿದವನ ಚಟ. ಹುಬ್ಬಳ್ಳಿಗೆ ಮೂರು ತಾಸು, ವಿಮಾನಕ್ಕೆ ಮೊದಲು ಕಾಯಲು ಒಂದೂವರೆ, ಬೆಂಗಳೂರಿಗೆ ಹಾರಲು ಒಂದು, ಅಲ್ಲಿ ಪರದೇಶದ ವಿಮಾನಕ್ಕೆ ಕಾಯಲು ಮೂರು-ನಾಲ್ಕು. ಎಂಟೊಂಬತ್ತು ತಾಸಾಯಿತು. ರಾತ್ರಿ ಊಟ ಮಾಡಿ ಹನುಮಸಾಗರದಲ್ಲಿ ಕಾರು ಹತ್ತಿದರೆ ಹೊಸಪೇಟೆ, ಚಿತ್ರದುರ್ಗ, ತುಮಕೂರು ದಾಟಿ ದೇವನಹಳ್ಳಿಗೂ ಅಷ್ಟೇ ತಾಸು. ಕಾಯುವುದು ಮೇಲೆ ಬಂದೀತು, ಆದರೆ ಅರ್ಧ ದಾರಿ ನಿದ್ದೆಯಲ್ಲೇ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಮನೆ ಮಾಡಿದರೆ ಉಳಿಯುವುದು ಎರಡು-ಮೂರು ತಾಸು. ವರ್ಷಕ್ಕೊಮ್ಮೆ ಬರುವ ಮಗನ ಆ ಎರಡು-ಮೂರು ತಾಸಿಗಾಗಿ ವರ್ಷಪೂರ್ತಿ ನಾವು ಗೋಕುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಇರಬೇಕು.

ಎದೆನೋವು ಬಂದರೆ ಬಾಗಲಕೋಟೆಗೆ ಎಷ್ಟು ಹೊತ್ತು ಎಂದು ಮಾತ್ರ ಮಗ ಕೇಳಲಿಲ್ಲ. ನನಗೆ ನಿಜವಾಗಿ ಅಳುಕಿದ್ದದ್ದು ಅದೇ, ಅದಕ್ಕೆ ಹುಬ್ಬಳ್ಳಿಯ ಪರವಾಗಿ ಒಂದು ಅಂಕ ಕೊಟ್ಟಿದ್ದೇನೆ.

ಈ ಊರಿಗೆ ಮಕ್ಕಳನ್ನು ದೂರ ಕಳಿಸಿ ಕೂರುವುದು ಹೊಸದಲ್ಲ. ಸುಗ್ಗಿ ಮುಗಿದರೆ ಸುತ್ತಲ ಹಳ್ಳಿಗಳ ಮಂದಿ ಮಂಗಳೂರು, ಉಡುಪಿ, ಗೋವಾ ಎಂದು ಗುಳೆ ಹೊರಡುತ್ತಾರೆ. ಸಂಜೆ ಬಸ್ ನಿಲ್ದಾಣದಲ್ಲಿ ನಿಂತರೆ ಜೋಳದ ಹಿಟ್ಟಿನ ಚೀಲ, ಕಟ್ಟಿದ ಹಾಸಿಗೆ, ಕಟಿರೊಟ್ಟಿಯ ಗಂಟು, ಕಂಕುಳಲ್ಲಿ ಕೂಸು. ಕಿಟಕಿಯ ಹೊರಗೆ ಮುದುಕ-ಮುದುಕಿ, ಅವರ ಕೈ ಹಿಡಿದ ಸಾಲಿ ಹುಡುಗರು. ಯಾವ ಏರ್‌ಪೋರ್ಟಿನ ನಿರ್ಗಮನ ದ್ವಾರಕ್ಕೂ ಇದು ಕಡಿಮೆಯಲ್ಲ. ನನ್ನ ಹೆಂಡತಿ ಅತ್ತದ್ದೂ ಹೀಗೆಯೇ, ಗಾಜಿನ ಬಾಗಿಲ ಮುಂದೆ ಅನ್ನುವುದಷ್ಟೇ ವ್ಯತ್ಯಾಸ. ನಮ್ಮ ಓಣಿಯ ಅಜ್ಜಿಯ ಮೊಮ್ಮಗ ಬಜ್ಪೆ ಹತ್ತಿರ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ. ಮಗನ ಷರತ್ತು ಹೇಳಿದೆ. "ನಮ್ಮ ಹುಡುಗ ಇಮಾನದ ಬಾಜೂಕs ಅದಾನ್ರಿ ಸಾಹೇಬ್ರ, ದಿನಾ ತಲಿ ಮ್ಯಾಲೆ ಹೋಗ್ತಾವಂತ. ಊರಿಗೆ ಬರೂದು ಜಾತ್ರಿಗೆ, ಓಟಿಗೆ" ಅಂದಳು.

ನಾನು ಕಂಡಂತೆ ದಾರಿ ದೂರವಾದಷ್ಟೂ ಬಂದವರು ಹೆಚ್ಚು ದಿನ ನಿಲ್ಲುತ್ತಾರೆ. ದೇವನಹಳ್ಳಿಯ ಫ್ಲ್ಯಾಟಿಗೆ ಬಂದ ಮಗ ಊಟ ಮುಗಿಸಿ ಗೆಳೆಯರ ಮನೆ, ಮಾಲು ಎಂದು ಹೊರಟುಬಿಡುತ್ತಾನೆ. ಇಲ್ಲಿಗೆ ಬಂದವ ಎಲ್ಲಿ ಹೋದಾನು? ಬೆಟ್ಟದ ವೆಂಕಟೇಶ್ವರನ ಗುಡಿಗೆ, ಮಳೆಗಾಲವಾದರೆ ಕಬ್ಬರಗಿಯ ಕಪಿಲತೀರ್ಥಕ್ಕೆ. ದೀಪಾವಳಿ ಸುಮಾರಿಗಾದರೆ ಗುಡ್ಡದ ಸೀತಾಫಲ ಬುಟ್ಟಿಗಟ್ಟಲೆ ಸಂತೆಗೆ ಇಳಿದಿರುತ್ತದೆ, ಹಣ್ಣಾಗುವವರೆಗಾದರೂ ಕಾಯಬೇಕು. ಸ್ವಾರ್ಥದ ತರ್ಕ ಎಂದು ಹೆಂಡತಿ ಅಂದಳು. ಇರಲಿ ಎಂದೆ.

ಅಷ್ಟರಲ್ಲಿ ರೈಲು ಬಂತು. ಗದಗ-ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿವರೆಗೆ ಹಳಿ ಮುಗಿದು, 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ-ಕುಷ್ಟಗಿ ಗಾಡಿ ಓಡಿತು. "ಏರ್‌ಪೋರ್ಟ್ ಊರಿಗೆ ಸೀದಾ ಟ್ರೇನ್ ಬಂದೈತಿ" ಎಂದು ಮಗನಿಗೆ ಹೇಳಿದೆ. ಎಷ್ಟು ತಾಸು ಹಿಡಿಯುತ್ತದೆಂದು ಕೇಳುವ ಮೊದಲೇ ಮಾತು ತಿರುಗಿಸಿದೆ.

ಈಗ ಹಿತ್ತಲಿನ ಕೋಣೆಗೆ ಫರಸಿ ಹಾಕಿಸುತ್ತಿದ್ದೇವೆ. ಮಗ ಬರುವ ತಾರೀಖು ತಿಳಿದ ಕೂಡಲೇ ದೇವನಹಳ್ಳಿಯಿಂದ ಕರೆತರಲು ಆಗುತ್ತದೆಯೇ ಎಂದು ಅಳುಕುತ್ತಲೇ ಊರಿನ ಕಾರಿನ ಹುಡುಗನಿಗೆ ಫೋನ್ ಹಚ್ಚಿದೆ. ಜಾಗ ಎಲ್ಲಿದೆ ಎಂದು ವಿವರಿಸಲೂ ತೊಡಗಿದ್ದೆ. ಅವನು ನಡುವೆಯೇ ತಡೆದ.

"ಯಾವ ಟರ್ಮಿನಲ್ ಹೇಳ್ರಿ ಸರ್, ಒಂದೋ ಎರಡೋ? ಅಮೆರಿಕಾದಿಂದ ಅಂದ್ರ ಎರಡs ಬಿಡ್ರಿ. ಟೋಲ್ ಬ್ಯಾರೆ ಆಗ್ತೈತಿ."