ಕದಳಿಗೆ ಚಾಕೊಲೇಟಿನ ಅಂಗಿ

ಉಡುಪಿ ಸೀಮೆಯ ಮನೆಗಳಿಗೆ ಒಳ್ಳೆಯ ಚಾಕೊಲೇಟು ಬಹುಕಾಲ ವಿಮಾನದಲ್ಲೇ ಬರುತ್ತಿತ್ತು. ದುಬೈಯಿಂದಲೋ ಮಸ್ಕತ್ತಿನಿಂದಲೋ ರಜೆಯಲ್ಲಿ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಟಾರ್ಚು, ಸೀರೆಗಳ ನಡುವೆ ಅದಕ್ಕೊಂದು ಖಾಯಂ ಜಾಗ. ಕಾಪು, ಉಡುಪಿಯ ಎಷ್ಟೋ ಮನೆಗಳಲ್ಲಿ ಅದು ಫ್ರಿಜ್ಜಿನ ಮೇಲಿನ ಖಾನೆ ಸೇರಿ, ಬಂದ ನೆಂಟರ ಮಕ್ಕಳಿಗೆ ಎಣಿಸಿ ಎರಡೆರಡರಂತೆ ಹೊರಬರುತ್ತಿತ್ತು. ಬಣ್ಣದ ಕಾಗದವನ್ನು ಉಗುರಿನಿಂದ ನೀವಿ ಪುಸ್ತಕದೊಳಗೆ ಇಟ್ಟುಕೊಂಡ ಮಕ್ಕಳು ಈಗ ನಡುವಯಸ್ಸಿನವರು. ಅವರ ಪಾಲಿಗೆ ಚಾಕೊಲೇಟು ಬರೀ ತಿಂಡಿಯಲ್ಲ, ಪರದೇಶದ ಸುದ್ದಿ.

ತಮಾಷೆಯೆಂದರೆ, ಅದೇ ಹೊತ್ತಿನಲ್ಲಿ ಕಾಪುವಿನಿಂದ ಒಂದು ಗಂಟೆಯ ಬಸ್ಸಿನ ದಾರಿಯಾದ ಕಾರ್ಕಳದ ಕಡೆಯ ಅಡಿಕೆ ತೋಟಗಳಲ್ಲಿ ಚಾಕೊಲೇಟಿನ ಮೂಲವಸ್ತು ಮರದ ಕಾಂಡಕ್ಕೇ ಅಂಟಿಕೊಂಡು ತೂಗಾಡುತ್ತಿತ್ತು. ಕೊಕ್ಕೋ ಕಾಯಿ! ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಮೂವತ್ತು ನಲವತ್ತು ಬೀಜಗಳು. ಲೋಳೆ ಸಿಹಿಹುಳಿ. ತೋಟಕ್ಕೆ ಹೋದ ಮಕ್ಕಳು ಅದನ್ನು ಚೀಪಿ ಬೀಜವನ್ನು ಉಗುಳುತ್ತಿದ್ದರು. ಅಪ್ಪಿತಪ್ಪಿ ಕಚ್ಚಿದವರು ಮುಖ ಕಿವುಚಿಕೊಳ್ಳುತ್ತಿದ್ದರು, ಅಷ್ಟು ಕಹಿ. ಚಾಕೊಲೇಟಿನ ವಾಸನೆ ಅದಕ್ಕೆ ಬರುವುದು ಐದಾರು ದಿನ ಹುದುಗಿಸಿ, ಬಿಸಿಲಿಗೆ ಒಣಗಿಸಿ, ಹುರಿದ ಮೇಲೆ. ಆ ಕೆಲಸವೆಲ್ಲ ಬೇರೆಲ್ಲೋ ನಡೆಯುತ್ತಿತ್ತು. ತೋಟದವರು ಹಸಿ ಬೀಜವನ್ನು ಚೀಲಕ್ಕೆ ತುಂಬಿ ತೂಕಕ್ಕೆ ಹಾಕಿ, ಬಂದ ಹಣದಲ್ಲಿ ಮನೆಸಾಮಾನು ಕೊಂಡು ಮರಳುತ್ತಿದ್ದರು.

ಆ ಹಣವೂ ಒಮ್ಮೆ ನಿಂತುಹೋಗಿತ್ತು. 1980ರ ಸುಮಾರಿಗೆ ಧಾರಣೆ ನೆಲಕಚ್ಚಿ, ಖಾಸಗಿ ಖರೀದಿದಾರರು ಹಿಂದೆ ಸರಿದಾಗ ಬೆಳೆಗಾರರು ಕಂಗಾಲಾದರು. ಮರಗಳಿಗೆ ಕೊಡಲಿ ಹಾಕಿದವರೂ ಇದ್ದಾರೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೂ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯೇ ಎದ್ದಿತು. 1986ರಲ್ಲಿ ಅದನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್. ತೋಟದ ಬೀಜ ಊರಿನ ಅಂಗಡಿಗೆ ಚಾಕೊಲೇಟಾಗಿ ಮರಳಿತು. ಆದರೆ ತೋಟದ ಮನೆಯ ಅಡುಗೆಕೋಣೆಗೆ ಕಾಲಿಡಲು ಇನ್ನೂ ಬಹಳ ವರ್ಷ ಹಿಡಿಯಿತು.

ಕಾರ್ಕಳದ ಹತ್ತಿರದ ಅಂಥದೊಂದು ಮನೆಯಲ್ಲಿ ಅದು ಹೇಗೆ ಬಂತೆಂದು ನೋಡಬಹುದು. ಅತ್ತೆಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಕೊಕ್ಕೋ ಕಾಯಿ ಒಡೆದವರು, ಅಳಿಲು, ಮಂಗಗಳ ಜೊತೆ ಜಗಳವಾಡಿದವರು. ಸೊಸೆ ಕಾಪುವಿನವಳು, ಕೊಲ್ಲಿಯ ಚಾಕೊಲೇಟು ತಿಂದು ಬೆಳೆದವಳು. ಮೊಮ್ಮಗಳು ಮಣಿಪಾಲದ ಕಾಲೇಜಿನಲ್ಲಿದ್ದಾಳೆ. ಅಲ್ಲಿನ ಬೇಕರಿಯಲ್ಲಿ ಚಾಕೊಲೇಟಿನಲ್ಲಿ ಅದ್ದಿದ ಸ್ಟ್ರಾಬೆರಿಯನ್ನು ಗೆಳತಿಯರೊಂದಿಗೆ ತಿಂದು ಬಂದವಳು, ರಜೆಯಲ್ಲಿ ಮನೆಗೆ ಬಂದಾಗ ಅದೇ ಬೇಕೆಂದಳು. ಸ್ಟ್ರಾಬೆರಿ ಮಹಾಬಲೇಶ್ವರದಿಂದ ಬರಬೇಕು. ಮನೆಯಲ್ಲಿ ಇದ್ದದ್ದು ಕದಳಿ ಗೊನೆ. ಸೊಸೆ ಕದಳಿಯನ್ನೇ ಅದ್ದಲು ಹೊರಟಳು.

ಮಾಡುವ ಕ್ರಮ ಸುಲಭ. ನಾಲ್ಕು ಕದಳಿ ಹಣ್ಣು, ಪೂರ್ತಿ ಕಳಿತದ್ದು ಬೇಡ, ತುಸು ಗಟ್ಟಿಯಿರಲಿ. ಒಂದೊಂದನ್ನು ಮೂರು ತುಂಡು ಮಾಡಿ, ಕಡ್ಡಿ ಚುಚ್ಚಿ, ಬೆಣ್ಣೆ ಕಾಗದ ಹಾಸಿದ ತಟ್ಟೆಯಲ್ಲಿ ಫ್ರೀಜರಿನೊಳಗೆ ಎರಡು ಗಂಟೆ ಇಡಬೇಕು. 200 ಗ್ರಾಂ ಕಾಂಪೌಂಡ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ತೆಂಗಿನೆಣ್ಣೆಯೊಂದಿಗೆ ಪಾತ್ರೆಗೆ ಹಾಕಿ. ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಸಿ, ಉರಿ ಆರಿಸಿದ ಮೇಲೆ, ನೀರು ತಾಗದಂತೆ ಇದನ್ನು ಅದರ ಮೇಲಿಡಿ. ನಿಧಾನವಾಗಿ ಕಲಕುತ್ತಿದ್ದರೆ ಹೊಳೆಹೊಳೆಯುವ ದ್ರವವಾಗುತ್ತದೆ. ತಣ್ಣಗಿನ ಹಣ್ಣನ್ನು ಅದ್ದಿ ಎತ್ತಿ, ಹುರಿದ ಗೇರುಬೀಜದ ನುಚ್ಚನ್ನು ಕೂಡಲೇ ಉದುರಿಸಿ. ಕೂಡಲೇ ಎಂಬುದು ಮುಖ್ಯ, ಏಕೆಂದರೆ ಹಣ್ಣಿನ ತಂಪಿಗೆ ಅಂಗಿ ಒಂದು ನಿಮಿಷದೊಳಗೆ ಬಿಗಿಯುತ್ತದೆ.

ಕಾಂಪೌಂಡ್ ಎಂದರೆ ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಸೇರಿಸಿದ್ದು. ರುಚಿಯಲ್ಲಿ ಅಸಲಿಗಿಂತ ಒಂದು ತೂಕ ಕಡಿಮೆ, ಆದರೆ ಕರಾವಳಿಗೆ ಅದೇ ಅನುಕೂಲ. ಅಸಲಿ ಚಾಕೊಲೇಟಿನ ಕೊಕ್ಕೋ ಬೆಣ್ಣೆ 34 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಬಾಯಿಯ ಬಿಸಿ ಅದಕ್ಕಿಂತ ಹೆಚ್ಚು, ಹಾಗಾಗಿ ನಾಲಿಗೆಯ ಮೇಲೆ ಅದು ಕರಗುವುದು. ಏಪ್ರಿಲ್ ಮೇ ತಿಂಗಳ ಉಡುಪಿಯ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ! ಅಸಲಿಯನ್ನು ಬಳಸುವವರು ಅದನ್ನು 45 ಡಿಗ್ರಿಗೆ ಕರಗಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿ ಹದ ಮಾಡಬೇಕು. ಇಲ್ಲವಾದರೆ ಆರಿದ ಮೇಲೆ ಬೂದುಬಣ್ಣದ ಗೆರೆಗಳು ಮೂಡುತ್ತವೆ. ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದದ್ದು, ತಿನ್ನಲು ಅಡ್ಡಿಯಿಲ್ಲ.

ಮೊದಲ ಸಲ ಸೊಸೆಯ ಚಾಕೊಲೇಟು ಕೈಕೊಟ್ಟಿತು. ಚೆನ್ನಾಗಿ ಕರಗಿದ್ದು ಇದ್ದಕ್ಕಿದ್ದಂತೆ ಒದ್ದೆ ಮರಳಿನ ಹಾಗೆ ಮುದ್ದೆಯಾಯಿತು. ಕಾರಣ, ಚಮಚಕ್ಕೆ ಅಂಟಿದ್ದ ನಾಲ್ಕು ಹನಿ ನೀರು. ಚಾಕೊಲೇಟಿನಲ್ಲಿರುವುದು ಕೊಬ್ಬಿನೊಳಗೆ ತೇಲುವ ಸಕ್ಕರೆ ಮತ್ತು ಕೊಕ್ಕೋ ಹುಡಿ. ಸ್ವಲ್ಪ ನೀರು ಬಿದ್ದರೆ ಆ ಕಣಗಳೆಲ್ಲ ಅಂಟಿಕೊಂಡು ಗಂಟುಕಟ್ಟುತ್ತವೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಅತ್ತೆ ಮಾತ್ರ ಗಾಬರಿಯಾಗಲಿಲ್ಲ. ಬೆಲ್ಲದ ಪಾಕ ಎಳೆ ಬರುವ ಕ್ಷಣವನ್ನು ಕಣ್ಣಳತೆಯಲ್ಲೇ ಹಿಡಿಯುವವರು ಅವರು.

“ಕೆಟ್ಟದ್ದನ್ನು ಚೆಲ್ಲುವುದು ಯಾಕೆ ಮಾರಾಯ್ತಿ? ಗಟ್ಟಿ ಹಾಲು ಉಂಟಲ್ಲ, ಹಾಕಿ ನೋಡು,” ಎಂದರು.

ಅವರು ಹೇಳಿದ್ದು ತೆಂಗಿನಕಾಯಿಯ ಮೊದಲ ಹಾಲು. ಬಿಸಿ ಮಾಡಿ ಸ್ವಲ್ಪ ಸ್ವಲ್ಪವೇ ಸುರಿದು ಕಲಕಿದಾಗ ಮುದ್ದೆ ಬಿಡಿಸಿಕೊಂಡು ನುಣ್ಣನೆಯ ಸಾರವಾಯಿತು. ಸ್ವಲ್ಪ ನೀರಿಗೆ ಹಟ ಹಿಡಿಯುವ ಚಾಕೊಲೇಟು ಧಾರಾಳ ದ್ರವಕ್ಕೆ ಸೋಲುತ್ತದೆ. ಅದ್ದಲು ಅದು ಬಾರದು, ಹೆಚ್ಚಿದ ಬಾಳೆಹಣ್ಣಿನ ಮೇಲೆ ಸುರಿದುಕೊಳ್ಳಬಹುದು. ಹಬ್ಬದ ದಿನ ಬಾಳೆಹಣ್ಣಿಗೆ ಬೆಲ್ಲ, ತೆಂಗಿನ ಹಾಲು ಬೆರೆಸಿ ಮಾಡುವ ರಸಾಯನದ ದಾಯಾದಿ ಎನ್ನಿ. ಹಣ್ಣಿಗೆ ಐಸ್‌ಕ್ರೀಮು, ಜೆಲ್ಲಿ ಪೇರಿಸಿ ಗಡ್‌ಬಡ್ ಎಂದು ಹೆಸರಿಟ್ಟ ಉಡುಪಿಗೆ ಇಂಥ ಬೆರಕೆ ಹೊಸದೇನಲ್ಲ.

ನೀರಿನ ಗುಟ್ಟು ತಿಳಿದ ಮೇಲೆ ಯಾವ ಹಣ್ಣು ಒಗ್ಗುತ್ತದೆ, ಯಾವುದು ಒಗ್ಗದು ಎಂಬುದು ತಾನಾಗಿ ಹೊಳೆಯುತ್ತದೆ. ಬಕ್ಕೆ ಹಲಸಿನ ಗಟ್ಟಿ ಸೊಳೆ ಬಲು ಚೆನ್ನ, ತುಳುವ ಹಲಸು ಕೈಯಲ್ಲೇ ಜಾರುತ್ತದೆ. ಅನಾನಸಿನ ತುಂಡುಗಳನ್ನು ಶುಭ್ರ ಬೈರಾಸಿನಲ್ಲಿ ಒತ್ತಿ, ಫ್ಯಾನಿನಡಿ ಅರ್ಧ ಗಂಟೆ ಆರಿಸದೆ ಅದ್ದಬಾರದು. ಎಲ್ಲಕ್ಕಿಂತ ಸೊಗಸು ಮಾಂಬಳ. ಮಾವಿನ ರಸವನ್ನು ಬಿಸಿಲಿಗೆ ಪದರ ಪದರವಾಗಿ ಒಣಗಿಸಿದ ಅದರಲ್ಲಿ ನೀರಿನ ಪಸೆ ತೀರಾ ಕಡಿಮೆ. ಬೆರಳಗಲದ ಪಟ್ಟಿ ಕತ್ತರಿಸಿ ಅರ್ಧ ಅದ್ದಿದರೆ ಡಬ್ಬದಲ್ಲಿ ಕೆಲವು ದಿನ ಉಳಿಯುತ್ತದೆ. ಯಲ್ಲಾಪುರದ ಕಡೆಯ ಸುಕೇಳಿಗೂ ಇದೇ ಮಾತು. ಹಸಿ ಹಣ್ಣಿನದಾದರೆ ಅಂದೇ ತಿಂದು ಮುಗಿಸಬೇಕು. ಮಳೆಗಾಲದಲ್ಲಿ ಫ್ರಿಜ್ಜಿನಿಂದ ಹೊರಗಿಟ್ಟರೆ ಅಂಗಿಯೇ ಬೆವರುತ್ತದೆ.

ಎರಡನೆಯ ಸಲದ ಕದಳಿ ಸರಿಯಾಗಿ ಬಂತು. ಅತ್ತೆಗೆ ಸಕ್ಕರೆ ಕಾಯಿಲೆ, ಹಾಗಾಗಿ ಅರ್ಧ ತುಂಡು ಮಾತ್ರ. ಮೇಲಿನ ಪದರ ಚಟ್ಟೆಂದು ಒಡೆಯಿತು, ಒಳಗೆ ತಣ್ಣಗಿನ ಹಣ್ಣು. ಅವರು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು.

“ಇದಾ ಇಷ್ಟು ವರ್ಷ ನಾವು ತೂಕಕ್ಕೆ ಹಾಕಿದ್ದು?” ಎಂದು ಕೇಳಿದರು.

“ಹೌದು ಅಜ್ಜಿ, ಅದೇ,” ಎಂದಳು ಮೊಮ್ಮಗಳು.

2024ರ ಏಪ್ರಿಲಿನಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10 ಸಾವಿರ ಡಾಲರು ದಾಟಿದಾಗ ತೋಟದವರು ಮರದ ಬುಡಕ್ಕೆ ಮತ್ತೆ ಗೊಬ್ಬರ ಹಾಕಿದರು. ಆಮೇಲೆ ಧಾರಣೆ ಇಳಿಯಿತು. ಏರಿದ್ದು ಇಳಿಯುವುದನ್ನು 1980ರಲ್ಲೇ ಕಂಡವರಿಗೆ ಅದರಲ್ಲಿ ಅಚ್ಚರಿಯಿರಲಿಲ್ಲ. ಧಾರಣೆಯನ್ನು ಲಂಡನ್ನು, ನ್ಯೂಯಾರ್ಕಿನವರು ನಿರ್ಧರಿಸಲಿ. ಹಿತ್ತಲ ಗೊನೆ ಒಂದೇ ದಿನ ಹಣ್ಣಾಗಿ, ತಿನ್ನುವವರಿಲ್ಲದೆ ದನದ ಪಾಲಾಗುವ ಮನೆಗಳಲ್ಲಿ ಮಕ್ಕಳು ಬಾಳೆಹಣ್ಣು ಎಲ್ಲಿ ಎಂದು ತಾವಾಗಿ ಕೇಳಿದರೆ ಅದೂ ಒಂದು ಲಾಭವೇ. ಒಂದೇ ಎಚ್ಚರ: ಅದ್ದುವ ಕೆಲಸಕ್ಕೆ ಮಕ್ಕಳನ್ನು ಕೂರಿಸಿದರೆ ಕೊನೆಯ ನಾಲ್ಕು ತುಂಡಿಗೆ ಅಂಗಿ ಸಾಲದೆ ಹೋಗಬಹುದು. ಬೆರಳುಗಳೂ ಪಾತ್ರೆಯೊಳಗೆ ಅದ್ದಿಕೊಳ್ಳುತ್ತವೆ ನೋಡಿ!